ಬೆಳಕಿಗೆ ಹಿಡಿದ ಲೋಟ

ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಕೊನೆಯ ಫಿಲ್ಟರು ನೋಡಿಕೊಳ್ಳುವವರು ನಮ್ಮ ಭಾವ. ಮರಳು, ಇದ್ದಿಲು ದಾಟಿ ಬಂದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಹಿಂದೆ ಪತ್ರಿಕೆ ಇಟ್ಟು ಓದುತ್ತಾರೆ. ಜಾಹೀರಾತಿನ ಸಣ್ಣಕ್ಷರವೂ ಕಂಡರೆ ಮಾತ್ರ ಪಾರ್ಕುಗಳಿಗೆ ನೀರು ಬಿಡುವುದು. ನೀರಿನ ತಿಳಿ ಅಳೆಯಲು ಮೀಟರ್ ಇದೆಯಲ್ಲ ಎಂದರೆ, "ಅದಕ್ಕೇನು ಕಣ್ಣಿದ್ಯಾ?" ಎಂದು ನನ್ನ ಮೇಲೇ ರೇಗುತ್ತಾರೆ.

ಅಕ್ಕನ ಮಗಳು ಮೆಚ್ಚಿದ ಹುಡುಗನ ಮನೆಗೆ ಮೊದಲ ಸಲ ಎಲ್ಲರೂ ಹೋದೆವು. ಹುಡುಗನ ತಾಯಿ ಗಾಜಿನ ಲೋಟದಲ್ಲಿ ನೀರು ತಂದುಕೊಟ್ಟರು. ಭಾವ ಅಭ್ಯಾಸಬಲದಿಂದ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ, ಟೀಪಾಯಿ ಮೇಲಿದ್ದ ಪತ್ರಿಕೆಯನ್ನು ಅದರ ಹಿಂದೆ ಹಿಡಿದೇಬಿಟ್ಟರು! ಅಕ್ಕನ ಮುಖ ಕಪ್ಪಿಟ್ಟಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ನೀರಲ್ಲಿ ಏನಾದ್ರೂ ಬಿದ್ದಿದ್ಯಾ?" ಎಂದು ಹುಡುಗನ ತಾಯಿ ಕೇಳಿದರು.

ಭಾವ ತೊದಲುತ್ತಾ ತಮ್ಮ ಕೆಲಸದ ವಿಷಯ ಹೇಳಿದರು. ಆಕೆಯ ಕಣ್ಣರಳಿತು.

"ಅಯ್ಯೋ, ದೊಡ್ಡ ಪಾರ್ಕಿನ ಮಾಲಿ ನಾನೇ ಕಣ್ರೀ! ಹತ್ತು ವರ್ಷದಲ್ಲಿ ನನ್ನ ಪೈಪು ಒಂದ್ಸಲನೂ ಕಟ್ಟಿಕೊಂಡಿಲ್ಲ. ಆ ಪುಣ್ಯಾತ್ಮ ನೀವೇನಾ?"

ಆಮೇಲೆ ಮಗನ ತೋಳು ಹಿಡಿದೆಳೆದು ಕಿಟಕಿಯ ಮುಂದೆ ನಿಲ್ಲಿಸಿದರು.

"ಹಾಗಾದ್ರೆ ಇವನನ್ನೂ ಬೆಳಕಿಗೆ ಹಿಡಿದು ನೋಡ್ಬಿಡಿ!"