ಎರಡು ಸ್ವರ, ಒಂದು ಬಟ್ಟೆ ತಂತಿ

ವಿಜಯನಗರದ ನಮ್ಮ ಮನೆಯ ತಾರಸಿಗೆ ಮೊದಲ ಸಲ ಹತ್ತಿದವರು ಯಾರೇ ಆಗಲಿ, ಎರಡೇ ನಿಮಿಷದಲ್ಲಿ ಹಣೆ ಉಜ್ಜಿಕೊಳ್ಳುತ್ತಾ ಕೆಳಗಿಳಿಯುತ್ತಿದ್ದರು. ಮೆಟ್ಟಿಲ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ, ಸರಿಯಾಗಿ ಹಣೆಯ ಮಟ್ಟಕ್ಕೆ. ಮನೆ ಕಟ್ಟಿಸಿದಾಗ ನಮ್ಮ ಮಾವ ಕೈಯಾರೆ ಕಟ್ಟಿದ್ದು. ಅಂಗಡಿಯಿಂದ ಒಂದೇ ಉದ್ದದ ತಂತಿ ತರುವುದು ಅವರ ಜಾಯಮಾನವಲ್ಲ. ಕೆಲಸದವರು ಬಿಟ್ಟುಹೋದ ತುಂಡುಗಳನ್ನೇ ಮೂರು ಕಡೆ ಹೊಸೆದು ಜೋಡಿಸಿದ್ದರು. ಮದುವೆಯಾಗಿ ಬಂದ ಮೊದಲ ವಾರವೇ ಅದು ನನ್ನ ಹಣೆಗೆ ತನ್ನ ಕುಂಕುಮ ಇಟ್ಟಿತ್ತು. ಇಷ್ಟು ಕೆಳಗೆ ಕಟ್ಟುವ ಬುದ್ಧಿ ಯಾರಿಗೆ ಬಂತೋ ಎಂದು ಆವತ್ತೇ ಗೊಣಗಿದ್ದೆ.

ಮಾವ ತೀರಿಕೊಂಡ ಮೇಲೂ ಅತ್ತೆ ಅದನ್ನು ಬದಲಿಸಲು ಬಿಡಲಿಲ್ಲ. ಗಂಟುಗಳು ತುಕ್ಕು ಹಿಡಿದಿದ್ದವು. ದಿನಾ ಬೆಳಿಗ್ಗೆ ಹಳೇ ಬಟ್ಟೆಯಲ್ಲಿ ತಂತಿಯನ್ನು ಈ ತುದಿಯಿಂದ ಆ ತುದಿಗೆ ಒರೆಸಿ, ಆಮೇಲೆ ಬಟ್ಟೆ ಹಾಕುತ್ತಿದ್ದರು. ನಾನು ತಂದ ನೈಲಾನ್ ಹಗ್ಗ ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಅಳೆದು ನೋಡದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ವರ್ಷವಿಡೀ ಹೇಳುತ್ತೇನೆ. ಜೊತೆಗೆ ಹ್ಯಾಮ್ ರೇಡಿಯೋ ಹುಚ್ಚು, ಹವ್ಯಾಸಿಗಳು ಮನೆಯಿಂದಲೇ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ರೇಡಿಯೋ. ಆಗ ಬೆಳಿಗ್ಗೆ ಏಳಕ್ಕೆ ನಮ್ಮದೊಂದು ಕನ್ನಡದ ಗುಂಪು ಗಾಳಿಯಲ್ಲಿ ಸೇರುತ್ತಿತ್ತು. ದಾವಣಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಹಾಜರಿ ಕರೆಯುತ್ತಿದ್ದರು. ಒಬ್ಬೊಬ್ಬರೂ ತಮ್ಮೂರಿನ ಮೋಡ, ಮಂಡಿನೋವು, ತಿಂಡಿ ಎಲ್ಲವನ್ನೂ ಒಪ್ಪಿಸುತ್ತಿದ್ದೆವು. ಅತ್ತೆ ಅಡುಗೆಮನೆ ಹೊಸ್ತಿಲ ಹತ್ತಿರ ಹುರುಳಿಕಾಯಿ ಸೋಸುತ್ತಾ, ಶುರುವಾಯ್ತು ಇವಳ ಗೊಣಗು ಪೆಟ್ಟಿಗೆ ಎನ್ನುತ್ತಿದ್ದರು. ವರ್ಷಗಟ್ಟಲೆ ಆ ಮಾತು ಕೇಳಿದ್ದೇನೆ. ಈಗ ಅದಿಲ್ಲದೆ ಏಳು ಗಂಟೆ ಆಗುವುದೇ ಇಲ್ಲ ಅನ್ನಿಸುತ್ತದೆ.

ಆ ವರ್ಷ ನಾನು ಹಳೇ ಸೆಟ್ಟನ್ನು ಮೂಲೆಗಿಟ್ಟು ಹೊಸ ಟ್ರಾನ್ಸ್‌ಮಿಟರ್ ಕಟ್ಟಿದೆ. ಇದರಲ್ಲಿ ಅರ್ಧ ಕೆಲಸ ಕಂಪ್ಯೂಟರಿನದ್ದು. ಧ್ವನಿಯನ್ನು ಸಾಫ್ಟ್‌ವೇರೇ ಹದ ಮಾಡಿ ಕೊಡುತ್ತದೆ, ಕೊನೆಯಲ್ಲಿ ಒಂದು ಆಂಪ್ಲಿಫೈಯರ್ ಅದಕ್ಕೆ ಬಲ ತುಂಬುತ್ತದೆ. ಹೊಸ ಸೆಟ್ಟಿಗೆ ಹೊಸ ಆಂಟೆನಾ. ಮೂವತ್ತು ನಲವತ್ತರ ಸೈಟಿನಲ್ಲಿ ಅಷ್ಟು ಉದ್ದ ಸಿಗುವುದು ಒಂದೇ ಕಡೆ, ಬಟ್ಟೆ ತಂತಿಯ ಪಕ್ಕಕ್ಕೆ, ನೀರಿನ ಟ್ಯಾಂಕಿನವರೆಗೆ. ಅಲ್ಲೇ ಎಳೆದೆ.

ಮೂರನೇ ದಿನ ಮೇಷ್ಟ್ರು ನಯವಾಗಿ ಒಂದು ಮಾತು ಹೇಳಿದರು. ನನ್ನ ಧ್ವನಿ ನನ್ನ ಜಾಗದಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆ ಹರಡುತ್ತಿದೆಯಂತೆ. ಹತ್ತಿರದ ಮಲ್ಲತ್ತಹಳ್ಳಿಯಲ್ಲಿರುವ ನಮ್ಮ ಸದಸ್ಯರೊಬ್ಬರಿಗೆ ನಾನು ಬಾಯಿ ತೆರೆದರೆ ಬೇರೆ ಯಾರ ಮಾತೂ ಕೇಳಿಸುವುದಿಲ್ಲವಂತೆ. ಎಲೆಕ್ಟ್ರಾನಿಕ್ಸ್ ಮೇಡಮ್ಮಿಗೆ ಇದಕ್ಕಿಂತ ಅವಮಾನ ಬೇಕೆ? ಸರಿಮಾಡುವ ತನಕ ಬರುವುದಿಲ್ಲ ಎಂದು ಹೇಳಿ ಸೆಟ್ ಆರಿಸಿದೆ. ಕೋಪ ಬಂದಿತ್ತು, ನನ್ನ ಮೇಲೇ.

ಇಂಥದಕ್ಕೆ ಒಂದು ಪರೀಕ್ಷೆ ಇದೆ. ಟ್ರಾನ್ಸ್‌ಮಿಟರಿಗೆ ಒಟ್ಟಿಗೆ ಎರಡು ಸ್ವರ ಕೊಡುವುದು, ಒಂದು ದಪ್ಪ, ಒಂದು ಸಣ್ಣ. ಆಚೆ ಬರುವಾಗಲೂ ಎರಡೇ ಇರಬೇಕು. ದಾರಿಯಲ್ಲಿ ಎಲ್ಲಾದರೂ ಡೊಂಕಿದ್ದರೆ ಎರಡೂ ಬೆರೆತು ನಾವು ಕೊಡದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಇಂಟರ್‌ಮಾಡ್ಯುಲೇಷನ್ ಡಿಸ್ಟಾರ್ಷನ್ ಎನ್ನುತ್ತಾರೆ. ಲ್ಯಾಪ್‌ಟಾಪ್ ಪರದೆಯಲ್ಲಿ ನಡುವೆ ಎರಡು ಎತ್ತರದ ಕಂಬ ಕಾಣುತ್ತವೆ, ಆಚೀಚೆ ಕರೆಯದೆ ಬಂದ ನೆಂಟರ ಹಾಗೆ ಗಿಡ್ಡ ಕಂಬಗಳು. ಆ ಗಿಡ್ಡವು ಎಷ್ಟು ಗಿಡ್ಡ ಎನ್ನುವುದೇ ಅಳತೆ.

ಮೊದಲು ಆಂಟೆನಾ ಬಿಚ್ಚಿ, ಟ್ರಾನ್ಸ್‌ಮಿಟರನ್ನು ಡಮ್ಮಿ ಲೋಡಿಗೆ ಸೇರಿಸಿದೆ. ಅದು ಅತ್ತೆಯ ಹಳೇ ತುಪ್ಪದ ಡಬ್ಬಿ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ರೆಸಿಸ್ಟರುಗಳು. ಶಕ್ತಿಯೆಲ್ಲ ಅಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ, ಗಾಳಿಗೆ ಹೋಗುವುದಿಲ್ಲ. ಪರದೆ ನೋಡಿದರೆ ಗಿಡ್ಡ ಕಂಬಗಳು ಇದ್ದೂ ಇಲ್ಲದ ಹಾಗೆ. ಸೆಟ್ಟು ಚೊಕ್ಕ. ಮತ್ತೆ ಆಂಟೆನಾಕ್ಕೆ ಸೇರಿಸಿ, ಟ್ಯಾಂಕಿನ ನೆರಳಲ್ಲಿ ಸಣ್ಣ ರಿಸೀವರ್ ಇಟ್ಟು ನೋಡಿದೆ: ನೆಂಟರು ಎದ್ದು ನಿಂತಿದ್ದರು. ತೋರಿಸುವ ಕಣ್ಣಿನದೇ ದೋಷವಿರಬಹುದು ಎಂದು ರಿಸೀವರಿನ ಬಾಯಿಗೆ ಅಟೆನ್ಯುಯೇಟರ್ ಹಾಕಿ ಬರುವ ಸಿಗ್ನಲನ್ನು ತಗ್ಗಿಸಿದೆ. ರಿಸೀವರಿನದೇ ತಪ್ಪಾಗಿದ್ದರೆ ಗಿಡ್ಡವು ದೊಡ್ಡವಕ್ಕಿಂತ ಎಷ್ಟೋ ಹೆಚ್ಚು ಕುಗ್ಗಬೇಕಿತ್ತು. ಎಲ್ಲವೂ ಒಂದೇ ಅಳತೆಯಲ್ಲಿ ಇಳಿದವು, ಅಂದರೆ ರಿಸೀವರೂ ಚೊಕ್ಕ. ಕನೆಕ್ಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಆಂಟೆನಾ ಅಳೆದು ಅಳೆದು ಕತ್ತರಿಸಿದೆ. ಹತ್ತು ದಿನ ಕಳೆಯಿತು.

ಒಂದು ಭಾನುವಾರ ಬೆಳಿಗ್ಗೆ ಪರದೆ ನೋಡುತ್ತಾ ಕೂತಿದ್ದಾಗ ಅತ್ತೆ ಬಕೆಟ್ ಹಿಡಿದು ಮೇಲೆ ಬಂದರು. ನನ್ನ ಕಡೆ ನೋಡದೆ ತಂತಿ ಒರೆಸಿದರು. ಗಿಡ್ಡ ಕಂಬಗಳು ಕುಣಿಯತೊಡಗಿದವು. ಒದ್ದೆ ಸೀರೆ ಎಸೆದು ಎಳೆದಾಗ ಕುಸಿದವು, ಕೈ ಬಿಟ್ಟಾಗ ಮತ್ತೆ ಎದ್ದವು. ನಾನು ಪರದೆಯನ್ನೂ ಅತ್ತೆಯ ಕೈಯನ್ನೂ ನೋಡುತ್ತಾ ಕೂತುಬಿಟ್ಟೆ. ತುಕ್ಕು ಹಿಡಿದ ಗಂಟು ಕೆಟ್ಟ ಡಯೋಡಿನ ಹಾಗೆ ವರ್ತಿಸುತ್ತದೆ, ಹತ್ತಿರದ ಸಿಗ್ನಲ್ ಹಿಡಿದು ಬೆರೆಸಿ ಮತ್ತೆ ಗಾಳಿಗೆ ಬಿಡುತ್ತದೆ ಎಂದು ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಗೊತ್ತಾಯಿತು, ಆದರೆ ಹೇಳುವುದು ಹೇಗೆ? ನನ್ನ ಹವ್ಯಾಸಕ್ಕೆ ನಿಮ್ಮ ಗಂಡ ಕಟ್ಟಿದ ತಂತಿ ಅಡ್ಡ ಬರುತ್ತಿದೆ ಎನ್ನಲೇ? ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದೆ. ಇನ್ನೂ ಕಾರಣ ಸಿಕ್ಕಿಲ್ಲ ಎಂದು ಮೇಷ್ಟ್ರಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಏಳು ಗಂಟೆಯ ಗುಂಪು ನನಗೆ ಎಷ್ಟು ಬೇಕಿತ್ತು ಎಂಬುದು ಆ ದಿನಗಳಲ್ಲೇ ತಿಳಿದದ್ದು. ಕೇಳುವುದಕ್ಕೂ ಸೆಟ್ ಹಾಕಲಿಲ್ಲ. ಕೇಳಿಯೂ ಮಾತಾಡದೆ ಇರುವುದು ನನ್ನಿಂದ ಆಗದ ಕೆಲಸ.

ಮತ್ತೊಂದು ವಾರ ಕಳೆಯಿತು. ಒಂದು ಬೆಳಿಗ್ಗೆ ಹುರುಳಿಕಾಯಿ ಬುಟ್ಟಿ ಕೆಳಗಿಟ್ಟು ಅತ್ತೆಯೇ ಕೇಳಿದರು: "ಯಾಕವ್ವಾ, ನಮ್ಮೂರ ಮೇಷ್ಟ್ರು ಹೋಗಿಬಿಟ್ರಾ?"

ಇಲ್ಲ ಅತ್ತೆ, ಚೆನ್ನಾಗಿದ್ದಾರೆ ಎಂದೆ. ಹಾಗಾದರೆ ಯಾಕೆ ಅವರ ಮಾತಿಲ್ಲ, ದಿನಾ ನಮ್ಮ ಕಡೆ ಮಳೆ ಬೆಳೆ ಹೇಳುತ್ತಿದ್ದರಲ್ಲ ಎಂದು ಪಟ್ಟು ಹಿಡಿದರು. ಅತ್ತೆ ಹುಟ್ಟಿ ಬೆಳೆದದ್ದೂ ದಾವಣಗೆರೆ ಸೀಮೆಯಲ್ಲೇ. ಗೊಣಗುತ್ತಲೇ ಅಷ್ಟು ವರ್ಷ ಆ ಮಾತು ಕೇಳಿಸಿಕೊಳ್ಳುತ್ತಿದ್ದರು ಎಂಬುದು ನನ್ನ ದಡ್ಡ ತಲೆಗೆ ಹೊಳೆದೇ ಇರಲಿಲ್ಲ. ಇನ್ನು ಮುಚ್ಚಿಡಲಾಗಲಿಲ್ಲ. ತಂತಿಯ ವಿಷಯ ಪೂರ್ತಿ ಹೇಳಿದೆ. ಅತ್ತೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಅವರು ತಾರಸಿಯಲ್ಲಿದ್ದರು, ಕೈಯಲ್ಲಿ ಮಾವನ ಕಟಿಂಗ್ ಪ್ಲೇಯರ್. ನಾನು ಇಸಿದುಕೊಂಡು ತಂತಿಗೆ ಹಚ್ಚಿದೆ. ಅತ್ತೆ ನನ್ನ ಕೈ ಹಿಡಿದರು.

"ಕತ್ತರಿಸಬೇಡ. ಬಿಚ್ಚು. ಅವರು ಕಟ್ಟಿದ್ದು ಬಟ್ಟೆ ಒಣಗ್ಲಿ ಅಂತ, ನಿನ್ನ ಮಾತು ಕೆಡ್ಲಿ ಅಂತಲ್ಲ."

ಮೂರು ಗಂಟು ಬಿಚ್ಚಲು ಸಂಜೆಯಾಯಿತು. ಮಾವ ಎಂಥ ಬಿಗಿ ಹೊಸೆದಿದ್ದರೆಂದರೆ ನನ್ನ ಬೆರಳಿನ ತುದಿಯೆಲ್ಲ ತರಚಿತು. ಅತ್ತೆ ಒಂದೊಂದು ತುಂಡನ್ನೂ ಸುತ್ತಿ ಸೆರಗಿನಲ್ಲಿ ಹಾಕಿಕೊಂಡರು. ಅವರ ಮೂಗಿನ ಮೇಲೆ ತುಕ್ಕಿನ ಪುಡಿ ಇತ್ತು. ಅಳುತ್ತಿದ್ದರೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ. ಆಮೇಲೆ ಎರಡು ಸ್ವರ ಹಾಕಿ ಅಳೆದೆ. ಎರಡೇ ಕಂಬ, ಅಕ್ಕಪಕ್ಕ ಬಯಲು. ಮಾರನೇ ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ನನ್ನ ಧ್ವನಿ ತೊಳೆದಿಟ್ಟ ಹಾಗಿದೆ ಎಂದರು, ಆಮೇಲೆ ತಮ್ಮ ಕಡೆ ಮೋಡ ಕವಿದಿದೆ ಎಂದರು. ಅತ್ತೆ ಸೋಸುವುದನ್ನು ನಿಲ್ಲಿಸಿ ಕೇಳಿದರು.

ನೈಲಾನ್ ಹಗ್ಗ ನಾನೇ ಕಟ್ಟಿದೆ. ಕೊನೆಗೂ ಹಣೆ ಉಳಿಯಿತು ಎಂದು ಹೊಸ ಕೊಕ್ಕೆ ಹೊಡೆದು ಮೇಲಕ್ಕೆ, ನನ್ನ ತಲೆಗಿಂತ ಒಂದು ಗೇಣು ಮೇಲೆ ಕಟ್ಟಿದೆ. ಎರಡು ದಿನ ಬಿಟ್ಟು ಮರೆತದ್ದೇನನ್ನೋ ತರಲು ತಾರಸಿಗೆ ಹೋದರೆ, ಅತ್ತೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತಿದ್ದರು. ಎಡಗೈಯಲ್ಲಿ ಹಗ್ಗ ಹಿಡಿದು, ಒದ್ದೆ ಸೀರೆಯ ತುದಿಯನ್ನು ಬಲಗೈಯಿಂದ ಎಸೆಯುತ್ತಿದ್ದರು. ಆ ಕೈ ಮುಖದ ಮಟ್ಟಕ್ಕಿಂತ ಮೇಲೆ ಏಳುತ್ತಲೇ ಇರಲಿಲ್ಲ. ಸೀರೆ ಮತ್ತೆ ಮತ್ತೆ ಅವರ ಮುಖದ ಮೇಲೇ ಬೀಳುತ್ತಿತ್ತು.

ಓಡಿಹೋಗಿ ಇಳಿಸಿಕೊಂಡೆ. ಕೈಗೆ ಏನಾಯಿತು ಎಂದು ಗಾಬರಿಯಿಂದ ಕೇಳಿದೆ. ಇವತ್ತಿನದಲ್ಲ ಎಂದರು. ಚಿಕ್ಕವರಿದ್ದಾಗ ಜಗಲಿಯಿಂದ ಬಿದ್ದು ಮುರಿದ ಭುಜ, ಸರಿಯಾಗಿ ಕೂಡಿಕೊಳ್ಳಲೇ ಇಲ್ಲವಂತೆ. ಮನೆ ಕಟ್ಟಿದಾಗ ಮಾವ ಅವರನ್ನು ಗೋಡೆಗೆ ನಿಲ್ಲಿಸಿ, ಎಷ್ಟು ಏಳುತ್ತೋ ಅಷ್ಟು ಕೈ ಎತ್ತು ಎಂದು, ಅಲ್ಲಿಗೆ ಇದ್ದಿಲಿನಲ್ಲಿ ಗೆರೆ ಎಳೆದು ಕೊಕ್ಕೆ ಹೊಡೆದಿದ್ದರಂತೆ.

ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೆ. ಅವರು ತಲೆ ಬಾಚಲು ಎಡಗೈ ಬಳಸುವುದನ್ನು ನೋಡಿದ್ದೆ, ಮೇಲಿನ ಡಬ್ಬಿಗೆ ನನ್ನನ್ನೇ ಕೂಗುವುದನ್ನು ಕೇಳಿದ್ದೆ. ಡೆಸಿಬಲ್ಲಿನ ಲೆಕ್ಕದಲ್ಲಿ ಮುಳುಗಿದವಳಿಗೆ ಇದೊಂದು ಅಳತೆ ಕಾಣಲಿಲ್ಲ. ಆ ಸಂಜೆಯೇ ಹಗ್ಗ ಬಿಚ್ಚಿ ಮಾವನ ಹಳೇ ಕೊಕ್ಕೆಗೇ ಕಟ್ಟಿದೆ.

ಅತ್ತೆ ಹೋಗಿ ಎರಡು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ಇನ್ನೂ ಹಾಜರಿ ಕರೆಯುತ್ತಾರೆ, ನಾನು ಇನ್ನೂ ಆಗಾಗ ಎರಡು ಸ್ವರ ಹಾಕಿ ಅಳೆಯುತ್ತೇನೆ. ಹಗ್ಗವನ್ನು ಇನ್ನಾದರೂ ಮೇಲಕ್ಕೆ ಕಟ್ಟಬಹುದಲ್ಲ ಎಂದು ಮಗಳು ಹಣೆ ಉಜ್ಜಿಕೊಳ್ಳುತ್ತಾ ಕೇಳುತ್ತಾಳೆ. ಇರಲಿ ಬಿಡು, ಬಗ್ಗಿ ಹೋಗು ಎನ್ನುತ್ತೇನೆ.