ಲಾಭ ಬಂದರೆ ಮಾತ್ರ ಸಂಬಳ ಏರಿಸಿ

ಎಲ್ಲರೂ ಅಕ್ಕ ಎನ್ನುತ್ತಿದ್ದ ಆಕೆ ಫ್ಯಾನು ಕಾರ್ಖಾನೆಯಲ್ಲಿ ತಂತಿ ಸುತ್ತುತ್ತಲೇ ಮೇಲೆ ಬಂದು ಕೊನೆಗೆ ಮ್ಯಾನೇಜರೇ ಆದಳು. ಕಾರ್ಖಾನೆ ಆಗ ನಷ್ಟದಲ್ಲಿತ್ತು. "ಲಾಭ ಬಂದರೆ ನನ್ನ ಸಂಬಳ ಏರಿಸಿ, ಇಲ್ಲದಿದ್ದರೆ ಇಳಿಸಿ" ಎಂದು ಮಾಲೀಕರಿಗೆ ಹೇಳಿಬಂದಾಗ ಗಂಡ ತಲೆ ಚಚ್ಚಿಕೊಂಡ.

ಮೊದಲ ವರ್ಷ ಸಂಬಳ ಇಳಿದೇಬಿಟ್ಟಿತು. ಅಕ್ಕ ಜಗ್ಗಲಿಲ್ಲ. ತಂತಿ ಸುತ್ತುವ ಹಳೇ ಗೆಳತಿಯರ ಜೊತೆ ಕೂತು ಸದ್ದೇ ಮಾಡದ ಫ್ಯಾನು ಮಾಡಿಸಿದಳು. ಅಂಗಡಿಗೆ ಹೋದದ್ದೇ ತಡ, ಎಲ್ಲಾ ಖಾಲಿ!

ಮಾಲೀಕರು ಓಡೋಡಿ ಬಂದರು. "ಅಕ್ಕಾ, ನಿಮ್ಮ ಸಂಬಳ ಎರಡು ಪಟ್ಟು!"

"ಫ್ಯಾನು ನಾನೊಬ್ಬಳೇ ಮಾಡಿದ್ನಾ, ಸರ್? " ಅಕ್ಕ ಗೆಳತಿಯರತ್ತ ಕೈ ತೋರಿಸಿದಳು. "ಮೊದಲು ಇವರದ್ದು ಏರಿಸಿ."

ಮಾಲೀಕರು ಗಲ್ಲ ಕೆರೆದುಕೊಂಡು, "ಆಯ್ತು ಬಿಡಿ" ಎಂದು ನಕ್ಕರು. ಯಂತ್ರಗಳ ಗದ್ದಲವನ್ನೂ ಮೀರಿ ಕೇಕೆ ಎದ್ದಿತು. ಹೆಂಗಸರೆಲ್ಲ ಸೇರಿ ಮ್ಯಾನೇಜರನ್ನೇ ಎತ್ತಿ ಕುಣಿಸಿದರು.

"ಇಳಿಸ್ರೇ, ಬೀಳ್ತೀನಿ!" ಎಂದು ಅಕ್ಕ ನಗುತ್ತಲೇ ಕಿರುಚಿದಳು.