ಪೊಟರೆ ಮರದ ಬಾಣಂತಿ

ಅವನ ಎರಡೂ ಅಂಗಾಲು ಮರದ ತೊಗಟೆಯಂತೆ ಬಿರುಕು ಬಿಟ್ಟಿದ್ದವು. ಚಪ್ಪಲಿ ಇರಲಿಲ್ಲವೆಂದಲ್ಲ, ಬಾಳ್ಳುಪೇಟೆಗೆ ಹೋಗುವಾಗ ಜೊತೆಗೆ ಬರುತ್ತಿತ್ತು, ಅದೂ ಕಂಕುಳಲ್ಲಿ. ಹೊಂಗಡಹಳ್ಳದ ಆಚೆಗಿನ ನಮ್ಮ ಪುಟ್ಟ ಕಾಫಿ ತೋಟಕ್ಕೆ ಪ್ರತಿ ಬೇಸಿಗೆ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಿ ಗಿಡಗಳಿಗೆ ಬಿಸಿಲು ಬಿಡಿಸಲು, ಅವನೇ ಬರುತ್ತಿದ್ದ. ನನಗೆ ಅವನು ಮರಗಸಿ ತಾತ.

ಹತ್ತುವ ಮೊದಲು ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಮೂರು ಏಟು ಕೊಟ್ಟು ಕಿವಿಯಿಡುವುದು ಅವನ ಪದ್ಧತಿ. ಒಳಗೆ ಟೊಳ್ಳಿದ್ದರೆ ಸದ್ದೇ ಹೇಳುತ್ತದಂತೆ. "ಯಾಕೆ ತಾತ, ಮರಾನ ಎಬ್ಬಿಸ್ತಿದ್ದೀಯಾ?" ಎಂದು ಕೆಣಕಿದರೆ, "ಹೇಳ್ದೆ ಕೇಳ್ದೆ ಹೆಗಲು ಹತ್ತಿದ್ರೆ ನೀನಾದ್ರೆ ಸುಮ್ಕಿರ್ತೀಯಾ?" ಎನ್ನುತ್ತಿದ್ದ.

ಅಪ್ಪನ ನಂತರ ತೋಟ ನನ್ನ ಕೈಗೆ ಬಂದಾಗ ನನಗೆ ಹುಮ್ಮಸ್ಸು ಜಾಸ್ತಿ, ತಿಳಿವಳಿಕೆ ಕಡಿಮೆ. ತೋಟದ ಮೇಲಿದ್ದ ನಮ್ಮ ಪಾಲಿನ ಕಾಡನ್ನು ಬೋಳಿಸಿ ಅಲ್ಲೂ ಕಾಫಿ ಹಾಕಲು ಹೊರಟೆ. ಮರ ಕಡಿಯುವವರು ಬರಬೇಕಿದ್ದ ಬೆಳಿಗ್ಗೆ ತಾತನನ್ನು ಕರೆದೊಯ್ದು, ಪೊಟರೆ ಬಿದ್ದಿದ್ದ ದೊಡ್ಡ ಮರವೊಂದನ್ನು ತೋರಿಸಿದೆ.

"ಇದು ನಾಟಾಕ್ಕೂ ಬರಲ್ಲ. ಮೊದಲು ಇದನ್ನೇ ಉರುಳಿಸೋಣ, ಕೊಂಬೆ ಇಳಿಸಿಬಿಡು."

ತಾತ ಮೂರು ಏಟು ಕೊಟ್ಟ, ಕಿವಿಯಿಟ್ಟ. ಮುಖ ಅರಳಿತು. "ಬಾರವ್ವ, ಬೇಗ ಬಾ! ಕೇಳಿಲ್ಲಿ!"

ಕಿವಿ ಒತ್ತಿದೆ. ಮರದೊಳಗಿಂದ ಕಿರ್ರ್ ಎಂಬ ಸಣ್ಣ ಕೂಗು!

"ಬಾಣಂತಿ ಮನೆ ಕಣವ್ವ. ಮಂಗಟ್ಟೆ ಹಕ್ಕಿ ಬಾಗ್ಲು ಮೆತ್ಕೊಂಡು ಒಳಗೆ ಕೂತೈತೆ. ಮರಿ ಬಲಿಯೋಗಂಟ ಗಂಡೇ ತಂದಾಕ್ಬೇಕು."

ನನ್ನನ್ನು ಎಳೆದು ಪೊದೆಯ ಹಿಂದೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಬಾಗಿದ ಉದ್ದ ಕೊಕ್ಕಿನ ಗಂಡು ಹಕ್ಕಿ ಬಂದು ಪೊಟರೆಯ ಸೀಳಿನೊಳಗೆ ಹಣ್ಣು ತುರುಕತೊಡಗಿತು. ಒಂದು, ಎರಡು, ಮೂರು! ಗಂಟಲಿನಿಂದ ತೆಗೆದಷ್ಟೂ ಬರುತ್ತಿದ್ದವು. ನಾನು ಚಪ್ಪಾಳೆ ತಟ್ಟಲು ಹೋದೆ, ತಾತ ಕೈ ಹಿಡಿದುಕೊಂಡ.

"ಇವ್ನು ಬೀಜ ಬೀಳಿಸಿದ ಕಡೆಯೆಲ್ಲ ಮರ ಎದ್ದೈತೆ. ಈ ಕಾಡು ನೆಟ್ಟೋನೇ ಇವ್ನು. ಕಾಡು ನೀರು ಹಿಡ್ಕೊಂಡಿರೋದಕ್ಕೇ ನಿನ್ನ ತೋಟದ ಕೆರೆ ಬತ್ತಿಲ್ಲ. ಇವತ್ತು ಉರುಳಿಸ್ಬುಟ್ರೆ ನಾಳೆ ನೀನು ಬಂದು ನೆಡ್ತೀಯಾ?"

ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿದೆ. ಗರಗಸ ಹೊತ್ತು ಬಂದವರನ್ನು ಗೇಟಿನಲ್ಲೇ ತಡೆದೆ. ಅವರು ಗೊಣಗಿಕೊಂಡು ವಾಪಸಾದರು. ನನಗೋ ಕುಣಿಯುವಷ್ಟು ಖುಷಿ.

ಹೋದ ಮಳೆಗಾಲ ತಾತ ಜ್ವರ ಬಂದು ತೀರಿಕೊಂಡ. ಬಿಡದ ಮಳೆ, ಚಿತೆಗೆ ಒಣ ಸೌದೆಯಿಲ್ಲ. "ಮೇಲಿನ ಕಾಡಲ್ಲಿ ಒಂದು ಒಣಮರ ಐತಲ್ಲಕ್ಕ, ಕಡ್ಕೊಳ್ಳೋದಾ?" ಎಂದು ಅವನ ಮಗ ಕೇಳಿದ. ತಾತನಿಗಾಗಿಯಾದರೂ ಹೂಂ ಅನ್ನಬಹುದಿತ್ತು. ಆದರೆ ಅವನೇ ಉಳಿಸಿದ ಕಾಡಿಗೆ ಕೊಡಲಿ ಹಾಕಿಸಲು ಮನಸ್ಸು ಬರಲಿಲ್ಲ. ಕಾಫಿ ಮೂಟೆ ಇಡುವ ನಮ್ಮ ಸ್ಟೋರಿನ ಹೆಂಚು ಇಳಿಸಿ, ಜಂತೆಗಳನ್ನೆಲ್ಲ ಬಿಚ್ಚಿಸಿ ಕೊಟ್ಟೆ.

ತಾತನ ಹೆಂಡತಿ ನನ್ನ ಕೈ ಹಿಡಿದು, "ಅವ್ರು ಇದ್ದಿದ್ರೂ ಇದ್ನೇ ಅಂತಿದ್ರು ಕಣವ್ವ" ಎಂದು ಅತ್ತಳು. ಸ್ಟೋರಿಗೆ ಇನ್ನೂ ಸೂರು ಹಾಕಿಸಿಲ್ಲ. ಮೇಲಿನ ಕಾಡಿನಲ್ಲಿ ಒಂದು ಮರವೂ ಕಡಿಮೆಯಾಗಿಲ್ಲ.